ಕಬ್ಬು ಕಡಿಯುವ ಮಚ್ಚು: ಬಾಯಿಯ ಕೋನ ಮತ್ತು ಸಾಣೆ

ಕಬ್ಬಿನ ಬೇಸಾಯದಲ್ಲಿ ತಳಿ, ಗೊಬ್ಬರ, ನೀರು ಇವುಗಳ ಬಗ್ಗೆ ರೈತಬಾಂಧವರು ಸಾಕಷ್ಟು ವಿಚಾರಿಸುತ್ತಾರೆ. ಕಟಾವಿನ ಮಚ್ಚಿನ ಬಗ್ಗೆ ಕೇಳುವವರು ವಿರಳ. ಮೊಂಡು ಮಚ್ಚಿನಿಂದ ಕಡಿದ ಗದ್ದೆಯನ್ನು ಒಮ್ಮೆ ಬಗ್ಗಿ ನೋಡಿರಿ. ಬುಡ ನುಣುಪಾಗಿ ಕತ್ತರಿಸಿರುವುದಿಲ್ಲ, ಜಜ್ಜಿ ಸೀಳಿರುತ್ತದೆ. ಸೀಳಿನಲ್ಲಿ ನೀರು ನಿಂತು ಕೊಳೆತರೆ ಬುಡದ ಕಣ್ಣುಗಳು ಹಾಳಾಗಿ ಕೂಳೆ ಬೆಳೆಯಲ್ಲಿ ಅಲ್ಲಲ್ಲಿ ಜಾಗ ಖಾಲಿ ಬೀಳುತ್ತದೆ. ಅಲ್ಲದೆ ಮೊಂಡು ಮಚ್ಚಿನಿಂದ ನೆಲಮಟ್ಟಕ್ಕೆ ಕಡಿಯುವುದು ತ್ರಾಸ. ಆಳುಗಳು ನಾಲ್ಕು ಬೆರಳು ಮೇಲಕ್ಕೆ ಕಡಿಯುತ್ತಾರೆ. ಸಕ್ಕರೆ ಅಂಶ ಹೆಚ್ಚಿರುವ ಬುಡದ ಭಾಗವೇ ಗದ್ದೆಯಲ್ಲಿ ಉಳಿದುಹೋಗುತ್ತದೆ.

ಮಚ್ಚಿನ ಬಾಯಿ ತೆಳುವಾದಷ್ಟೂ ಸುಲಭವಾಗಿ ಇಳಿಯುತ್ತದೆ. ಆದರೆ ಬೇಗ ಮಡಚಿಕೊಳ್ಳುತ್ತದೆ. ದಪ್ಪನಾದಷ್ಟೂ ಬಾಳುತ್ತದೆ; ಆದರೆ ಏಟು ಜೋರಾಗಿ ಬೇಕು. ಕಬ್ಬಿನ ಮಚ್ಚು ಮಣ್ಣು, ಕಲ್ಲುಹರಳುಗಳಿಗೆ ತಾಗುವುದು ತಪ್ಪದ ಕಾರಣ ಎರಡೂ ಮಗ್ಗುಲು ಸೇರಿ ಸುಮಾರು 30 ಡಿಗ್ರಿ ಕೋನ ಇರುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಸೌದೆ ಸೀಳುವ ಕೊಡಲಿಗೆ ಇದಕ್ಕಿಂತ ಹೆಚ್ಚು, ಕಸಿ ಚಾಕುವಿಗೆ ಕಡಿಮೆ.

ಕೋನ ಅಳೆಯಲು ಉಪಕರಣ ಬೇಕಿಲ್ಲ. ಅಲಗು ಇಳಿಜಾರಾಗಲು ಆರಂಭವಾಗುವ ಕಡೆ ಅದರ ದಪ್ಪವನ್ನೂ, ಅಲ್ಲಿಂದ ಬಾಯಿಯವರೆಗೆ ಇಳಿಜಾರಿನ ಅಗಲವನ್ನೂ ಅಳೆಯಿರಿ. ಅಗಲ ದಪ್ಪದ ಎರಡರಷ್ಟಿದ್ದರೆ ಕೋನ ಸುಮಾರು 30 ಡಿಗ್ರಿ; ಮೂರರಷ್ಟಿದ್ದರೆ ಸುಮಾರು 20; ಒಂದೂವರೆಯಷ್ಟಿದ್ದರೆ ಸುಮಾರು 40. ಅಂದರೆ 3 ಮಿ.ಮೀ. ದಪ್ಪದ ಮಚ್ಚಿಗೆ 6 ಮಿ.ಮೀ. ಇಳಿಜಾರು ಸಾಕು. ಹಲವು ವರ್ಷ ಮಸೆದ ಮಚ್ಚು ಸವೆದು ದಪ್ಪ ಭಾಗಕ್ಕೆ ಬಂದಿರುತ್ತದೆ. ಬಾಯಿಯ ಅಂಚನ್ನಷ್ಟೇ ಉಜ್ಜಿದರೆ ಅದು ಎಂದೂ ಇಳಿಯದು. ಹಿಂದಿನ ಭಾಗವನ್ನೂ ತೆಳುಮಾಡಬೇಕು.

ಇಳಿಜಾರಿನ ಆಕಾರವೂ ಮುಖ್ಯ. ಗುಂಡು ಸಾಣೆಚಕ್ರದ ಮೇಲೆ ಹಿಡಿದರೆ ಅದು ಒಳಕ್ಕೆ ಬಾಗುತ್ತದೆ. ಹೊಸದರಲ್ಲಿ ಬಲು ಹರಿತವೆನಿಸಿದರೂ ಬಾಯಿಯ ಹಿಂದೆ ಲೋಹ ಕಡಿಮೆಯಿರುವುದರಿಂದ ಗಟ್ಟಿ ಗೆಣ್ಣಿಗೆ ತಾಗಿದಾಗ ಮಡಚುತ್ತದೆ. ಅರದಿಂದಲೋ ಚಪ್ಪಟೆ ಕಲ್ಲಿನಿಂದಲೋ ಮಸೆದು ಕೊಂಚ ಉಬ್ಬಾಗಿರುವಂತೆ ಬಿಟ್ಟರೆ ಬಾಳಿಕೆ ಹೆಚ್ಚು. ಅರವನ್ನು ಮುಂದಕ್ಕೆ ನೂಕುವಾಗ ಮಾತ್ರ ಒತ್ತಬೇಕು. ಕೊನೆಯಲ್ಲಿ ಎದುರು ಮಗ್ಗುಲಿಗೆ ಎದ್ದ ಎಳೆಯಂತಹ ಸಿವುರನ್ನು ಕಲ್ಲಿನ ಮೇಲೆ ಹಗುರವಾಗಿ ಎರಡು ಬಾರಿ ಎಳೆದು ತೆಗೆಯಬೇಕು. ಇದನ್ನು ಬಿಟ್ಟರೆ ಮೊದಲ ಸಾಲಿನಲ್ಲೇ ಹರಿತ ಹೋಗುತ್ತದೆ.

ವಿದ್ಯುತ್ ಸಾಣೆಯಲ್ಲಿ ಅವಸರ ಮಾಡುವವರು ಉಕ್ಕಿನ ಬಣ್ಣ ಗಮನಿಸಬೇಕು. ಬಾಯಿ ನೀಲಿಗೆ ತಿರುಗಿತೆಂದರೆ ಹದ ಹೋಯಿತು. ಆ ಭಾಗ ಎಷ್ಟು ಮಸೆದರೂ ಹರಿತ ಹಿಡಿಯದು. ಅದನ್ನು ತಣ್ಣಗೆ ಉಜ್ಜಿ ತೆಗೆಯಬೇಕು, ಇಲ್ಲವೇ ಮತ್ತೆ ಕುಲುಮೆಗೆ ಒಯ್ಯಬೇಕು. ಕೈಗೆ ಬಿಸಿ ತಾಗುವ ಮೊದಲೇ ನೀರಿನಲ್ಲಿ ಅದ್ದುತ್ತಿರಬೇಕು.

ಮಚ್ಚೇ ತನ್ನ ದೋಷ ಹೇಳುತ್ತದೆ. ಬಾಯಿ ಮಡಚಿದರೆ ಕೋನ ತೀರ ಕಡಿಮೆ ಅಥವಾ ಉಕ್ಕು ಮೆದು. ಮೊದಲು ಕೋನವನ್ನು ಐದು ಡಿಗ್ರಿ ಹೆಚ್ಚಿಸಿ ನೋಡಿ. ಚಕ್ಕೆ ಹಾರಿದರೆ ಹದ ಅತಿ ಗಡುಸಾಗಿದೆ; ಕಮ್ಮಾರರಿಗೆ ತಿಳಿಸಬೇಕು. ಎರಡೂ ಇಲ್ಲದೆ ಏಟು ಜಾರುತ್ತಿದ್ದರೆ ಬಾಯಿ ದಪ್ಪವಾಗಿದೆ. ಜಾರುವ ಮಚ್ಚು ಆಳಿನ ಕಾಲಿಗೆ ಬೀಳುತ್ತದೆಂಬುದನ್ನು ಮಾಲೀಕರು ಮರೆಯಬಾರದು.

ಬಿತ್ತನೆ ತುಂಡು ಮಾಡಲು ಬೇರೆಯೇ ಮಚ್ಚು ಇಡುವುದು ಮೇಲು. ಇಲ್ಲಿ ಮಣ್ಣು ತಾಗದ ಕಾರಣ 20ರಿಂದ 25 ಡಿಗ್ರಿ ಸಾಕು, ತುದಿ ಸೀಳುವುದಿಲ್ಲ. ಕೂಳೆ ಗಿಡ್ಡಾಗುವ ರೋಗ ಮಚ್ಚಿನ ಮೂಲಕವೂ ಹರಡುವುದರಿಂದ ಲೈಸಾಲ್‌ನಂತಹ ದ್ರಾವಣದಲ್ಲಿ ಆಗಾಗ್ಗೆ ಅದ್ದಬೇಕು.

ಮೇವು ಕತ್ತರಿಸುವ ಯಂತ್ರದ ಅಲಗಿಗೆ ಮೇಲಿನ ಮಾತು ಪೂರ್ತಿ ಅನ್ವಯಿಸದು. ಅದಕ್ಕೆ ಇಳಿಜಾರು ಒಂದೇ ಮಗ್ಗುಲು. ಚಪ್ಪಟೆ ಮಗ್ಗುಲನ್ನು ಓರೆಯಾಗಿ ಮಸೆದರೆ ಎದುರಿನ ಪಟ್ಟಿಗೂ ಅಲಗಿಗೂ ಸಂದು ಬಿದ್ದು ಮೇವು ಕತ್ತರಿಸದೆ ಮಡಚಿ ಸಿಕ್ಕಿಕೊಳ್ಳುತ್ತದೆ.