ಸೋಮವಾರ ತಪ್ಪಿದ ಗೋಡೆ ಪತ್ರಿಕೆ

ಕಳೆದ ವರ್ಷ ನಮ್ಮ ವಾಣಿಜ್ಯ ವಿಭಾಗದ ಗೋಡೆ ಪತ್ರಿಕೆ ನನ್ನ ಹೊಣೆಯಾಗಿತ್ತು. ‘ಪ್ರತಿ ಸೋಮವಾರ ಹೊಸ ಸಂಚಿಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಎರಡು ಸೋಮವಾರ ಬಂತು, ಮೂರನೆಯದು ತಪ್ಪಿತು. ಆಮೇಲೆ ಹಳೆಯ ಹಾಳೆಯೇ ತಿಂಗಳುಗಟ್ಟಲೆ ಉಳಿಯಿತು. ಅಲ್ಲಿ ನಿಂತು ಓದುತ್ತಿದ್ದವರು ನಿಲ್ಲುವುದನ್ನೇ ಬಿಟ್ಟರು.

ಮನೆಯಲ್ಲಿ ಉರ್ದು ಮಾತಾಡುವ ನನಗೆ ಒಂದು ಪುಟ ಕನ್ನಡ ತಿದ್ದಿ ಬರೆಯಲು ಮೂರು ಸಂಜೆ ಬೇಕು. ಭಾನುವಾರ ರಾತ್ರಿಯೊಂದರಲ್ಲೇ ಮುಗಿಸಬಹುದು ಅಂದುಕೊಂಡಿದ್ದೆ. ಅಕೌಂಟೆನ್ಸಿ ಓದುವವನ ಲೆಕ್ಕವೇ ತಪ್ಪಿತ್ತು!

ಆಗ ಅಬ್ಬಾ ಚೆನ್ನೈಯ ‘ದಿ ಮುಸಲ್ಮಾನ್’ ಪತ್ರಿಕೆಯ ವಿಷಯ ಹೇಳಿದರು. 1927ರಲ್ಲಿ ಶುರುವಾದ ಉರ್ದು ಸಂಜೆ ಪತ್ರಿಕೆ ಅದು. ನಾಲ್ಕು ಪುಟ. ದಶಕಗಳ ಕಾಲ ಕಾತಿಬರು ಕೈಯಿಂದಲೇ ಅದನ್ನು ಬರೆದರು. ಒಂದು ಪುಟಕ್ಕೆ ಸುಮಾರು ಮೂರು ಗಂಟೆ ಬೇಕಿತ್ತು. ಕೊನೆ ಗಳಿಗೆಯ ಸುದ್ದಿಗೆಂದು ಮುಖಪುಟದ ಒಂದು ಮೂಲೆಯನ್ನು ಖಾಲಿ ಇಡುತ್ತಿದ್ದರು. ತಡವಾದ ಸುದ್ದಿಗೆ ಜಾಗ ಇತ್ತು, ಆದರೆ ಅದಕ್ಕಾಗಿ ಇಡೀ ಪತ್ರಿಕೆ ಕಾಯಬೇಕಿರಲಿಲ್ಲ.

ಈ ವರ್ಷ ನಾವೂ ಹಾಗೇ ಮಾಡಿದ್ದೇವೆ. ವಾರದ ಬದಲು ಹದಿನೈದು ದಿನಕ್ಕೊಂದು ಸಂಚಿಕೆ. ಗುರುವಾರ ಲೇಖನ ಕೈಸೇರಬೇಕು, ಶನಿವಾರ ಬರೆದು ಮುಗಿಯಬೇಕು, ಸೋಮವಾರ ಅಂಟಿಸಬೇಕು. ಕಾಲೇಜಿನ ಸುದ್ದಿಗೆ ಕೆಳಗಿನ ಮೂಲೆ ಖಾಲಿ. ಅಂಗಡಿಯವರು ಕನಿಷ್ಠ ದಾಸ್ತಾನು ಇಡುವಂತೆ, ಯಾವಾಗ ಹಾಕಿದರೂ ಹಳತೆನಿಸದ ಮೂರು ಲೇಖನ ಫೈಲಿನಲ್ಲಿ ಇರಲೇಬೇಕು. ಪರೀಕ್ಷೆಯ ವಾರದಲ್ಲಿ ನಮ್ಮನ್ನು ಉಳಿಸಿದ್ದು ಅದೇ.

ಈಗ ಫೈಲಿನಲ್ಲಿ ಎರಡೇ ಉಳಿದಿವೆ. ಗುರುವಾರದೊಳಗೆ ನಿಮ್ಮದೊಂದು ಕೊಡಿ.