ತೊಲೆಗೆ ಪಕ್ಕದ ಹಿಡಿತ: ಶೆಡ್ಡು ಕಟ್ಟುವವರು ಗಮನಿಸತಕ್ಕದ್ದು

ಮೆಟ್ಟೂರಿನಲ್ಲಿ ಕಾವೇರಿಯ ಅಣೆಕಟ್ಟು 1934ರಲ್ಲಿ ಮುಗಿದು, ಅದರ ಬೆನ್ನಿಗೆ ರಾಸಾಯನಿಕ, ಅಲ್ಯೂಮಿನಿಯಂ, ಉಷ್ಣವಿದ್ಯುತ್ತಿನ ಸ್ಥಾವರಗಳು ಒಂದೊಂದಾಗಿ ಎದ್ದುದರಿಂದ ಉಕ್ಕಿನ ತೊಲೆ ಈ ಸೀಮೆಯವರಿಗೆ ಅಪರಿಚಿತವೇನಲ್ಲ. ಆದರೆ ಪವರ್‌ಲೂಮ್ ಶೆಡ್ಡಿನೊಳಗೆ ಅಟ್ಟವೊಂದನ್ನು ಏರಿಸಹೊರಟ ಮಾಲೀಕರು ಖರ್ಚಿನ ಪಟ್ಟಿಯಿಂದ ಮೊದಲು ಹೊಡೆದುಹಾಕುವುದು ತೊಲೆಯ ಅಡ್ಡಕಟ್ಟನ್ನೇ ಆದುದರಿಂದ ಈ ನಾಲ್ಕು ಮಾತು ಅವಶ್ಯವಾಯಿತು.

ಉಕ್ಕಿನ ತೆಳು ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ತುದಿಗಳೆರಡನ್ನೂ ಆನಿಸಿ ನಡುವೆ ಒತ್ತಿದರೆ, ಅದು ಕೆಳಕ್ಕೆ ಬಾಗುವ ಬದಲು ಪಕ್ಕಕ್ಕೆ ಹೊರಳಿ ತಿರುಚಿಕೊಳ್ಳುತ್ತದೆ. ಸಂಪೀಡನಕ್ಕೊಳಗಾದ ಅಂಚಿನ ಸ್ವಭಾವವೇ ಅದು; ತೊಲೆ ಹಾಗೆ ಹೊರಳದಂತೆ ಪಕ್ಕದಿಂದ ಹಿಡಿಯುವುದೇ ಅಡ್ಡಕಟ್ಟಿನ ಕೆಲಸ. ಪ್ರಾಂಟ್ಲ್ ಮತ್ತು ಮಿಚೆಲ್ ಎಂಬಿಬ್ಬರು 1899ರಲ್ಲಿ ಬೇರೆಬೇರೆಯಾಗಿ ಈ ಹೊರಳುವಿಕೆಯ ಗಣಿತವನ್ನು ಬಿಡಿಸಿಟ್ಟರು.

ಮೊದಲು, ಸಂಪೀಡನ ಯಾವ ಫ್ಲ್ಯಾಂಜಿನಲ್ಲಿ, ಎಂದರೆ ತೊಲೆಯ ಮೇಲಿನ ಅಗಲಪಟ್ಟಿಯಲ್ಲೋ ಕೆಳಗಿನದರಲ್ಲೋ, ಇದೆಯೆಂದು ಗೊತ್ತುಮಾಡಿಕೊಳ್ಳಿ. ಎರಡು ಗೋಡೆಗಳ ಮೇಲೆ ಸುಮ್ಮನೆ ಕುಳಿತ ತೊಲೆಯಲ್ಲಿ ಅದು ಮೇಲಿನದು. ನಡುಗಂಬದ ಮೇಲೆ ಹಾಯ್ದುಹೋಗುವ ತೊಲೆಯಲ್ಲಿ ಆ ಕಂಬದ ಆಸುಪಾಸು ಕೆಳಗಿನದು. ಬೇಸಗೆಯ ಬಿರುಗಾಳಿ ತಗಡಿನ ಮಾಡನ್ನು ಮೇಲಕ್ಕೆತ್ತುವಾಗಲೂ ಕೆಳಗಿನದೇ. ಬಳಿಕ, ಒಂದು ಹಿಡಿತದಿಂದ ಮುಂದಿನ ಹಿಡಿತದವರೆಗಿನ ಉದ್ದವನ್ನು ಅಳೆದು, ತೊಲೆ ಅಷ್ಟುದ್ದಕ್ಕೆ ತಡೆಯುವುದೋ ಇಲ್ಲವೋ ಎಂಬುದನ್ನು ಇಂಜಿನಿಯರಿಂದ ಲೆಕ್ಕಹಾಕಿಸಿ.

ಅನಂತರ ಹಿಡಿತದ ಬಲ. ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆಯಾದ ಐಎಸ್ 800:2007ರ ಪ್ರಕಾರ ಫ್ಲ್ಯಾಂಜಿನ ಗರಿಷ್ಠ ಸಂಪೀಡನದ ಶೇ. 2.5ರಷ್ಟನ್ನು ಹಿಡಿತದ ಬಿಂದುಗಳು ಸಮನಾಗಿ ಹಂಚಿಕೊಂಡು ತಡೆಯಬೇಕು. ಪ್ರತಿಯೊಂದು ಬಿಂದುವಿನ ಬಲವೂ ಶೇ. 1ಕ್ಕೆ ಕಡಮೆಯಾಗಬಾರದು. ಫ್ಲ್ಯಾಂಜಿನಲ್ಲಿ 200 ಕಿಲೋನ್ಯೂಟನ್ ಇದ್ದರೆ ಒಟ್ಟು 5 ಕಿಲೋನ್ಯೂಟನ್, ಎಂದರೆ ಸುಮಾರು ಅರ್ಧ ಟನ್ನಿನ ಭಾರ. ಒಂದು ಸಾಧಾರಣ ಆಂಗಲ್ ಇದನ್ನು ತಡೆದೀತು. ದುಬಾರಿಯೆಂಬ ದೂರಿಗೆ ಇಲ್ಲಿ ಆಧಾರವಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಎಡವುವುದು ಇನ್ನೊಂದೆಡೆ. ನಾಲ್ಕು ತೊಲೆಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಆಂಗಲ್‌ಗಳನ್ನು ವೆಲ್ಡ್ ಮಾಡಿ, "ಒಂದಕ್ಕೊಂದು ಕಟ್ಟಿದೆ ಸಾರ್, ಇನ್ನು ಅಲ್ಲಾಡದು" ಎಂದು ಮೇಸ್ತ್ರಿ ಭರವಸೆ ಕೊಡುತ್ತಾನೆ. ಅಲ್ಲಾಡದಿರುವುದೇಕೆ? ಮೊದಲನೆಯ ತೊಲೆ ಹೊರಳುವ ದಿಕ್ಕಿಗೇ ಉಳಿದ ಮೂರೂ ಹೊರಳಲು ಅಡ್ಡಿಯೇನಿದೆ? ಸಮಾನಾಂತರ ತೊಲೆಗಳನ್ನು ಹೀಗೆ ಬರಿದೆ ಪರಸ್ಪರ ನಂಬಿಸಿ ಬಿಡಬಾರದೆಂದು ಆ ಸಂಹಿತೆಯೇ ಸ್ಪಷ್ಟವಾಗಿ ನಿಷೇಧಿಸಿದೆ. ಆಂಗಲ್‌ಗಳ ಸಾಲು ಕೊನೆಗೆ ಗಟ್ಟಿಯಾದ ಗೋಡೆಗೋ ಕಾಂಕ್ರೀಟು ಚೌಕಟ್ಟಿಗೋ ಆಂಕರ್ ಆಗಿರಬೇಕು. ಇಲ್ಲವಾದರೆ ಎರಡು ತೊಲೆಗಳ ನಡುವಿನ ಅಂಕಣದಲ್ಲಿ, ಮಟ್ಟಸವಾಗಿ, ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಕೊಟ್ಟು ಆ ಬಲವನ್ನು ತೊಲೆಗಳ ತುದಿಯ ಆಧಾರಗಳಿಗೆ ಮುಟ್ಟಿಸಬೇಕು. ತೊಲೆಯ ಪೂರ್ತಿ ಎತ್ತರಕ್ಕೆ ಬಿಗಿಯಾದ ಚೌಕಟ್ಟು ಕೂರಿಸಿ ತಿರುಚುವಿಕೆಯನ್ನೇ ತಡೆಯುವ ಕ್ರಮವೂ ಉಂಟು, ಆದರೆ ಅದು ಲೆಕ್ಕವಿಲ್ಲದೆ ಮಾಡತಕ್ಕ ಕೆಲಸವಲ್ಲ. ಕೆಳಗಿನ ಫ್ಲ್ಯಾಂಜಿಗೆ ಹಚ್ಚಿದ ಆಂಗಲ್ ಮೇಲಿನ ಫ್ಲ್ಯಾಂಜನ್ನು ಕಾಯುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಹೇಳಲೇಬೇಕಾಗಿದೆ.

ಮೇಲೆ ಹಾಸಿದ ಕಲ್ಲುಚಪ್ಪಡಿಯ ಘರ್ಷಣೆಯೇ ಸಾಕೆನ್ನುವವರಿದ್ದಾರೆ. ನೆಲಹಾಸಿನ ಘರ್ಷಣೆ ಆ ಶೇ. 2.5ನ್ನು ತಡೆಯುವುದಾದರೆ ಸಂಹಿತೆಯ ಸಮ್ಮತಿಯಿದೆ. ಆದರೂ ಹಗಲಿರುಳು ಮಗ್ಗಗಳ ಅದುರಿಕೆಯಿರುವ ಕಡೆ ನಾನಂತೂ ಅದನ್ನು ನೆಚ್ಚೆನು.

ಉಳಿದವು ಸಂಕ್ಷೇಪವಾಗಿ: ತೊಲೆಯ ತುದಿಗಳು ತಿರುಚಿಕೊಳ್ಳದಂತೆ ಆಧಾರದಲ್ಲೇ ಬಿಗಿಯಿರಿ. ಮೇಲಿನ ಫ್ಲ್ಯಾಂಜಿನ ಮೇಲೆ ಕುಳಿತು ತೊಲೆಯೊಡನೆ ತಾನೂ ಪಕ್ಕಕ್ಕೆ ಸರಿಯಬಲ್ಲ ಭಾರವಿದ್ದಲ್ಲಿ ಲೆಕ್ಕದ ಉದ್ದವನ್ನು 1.2ರಿಂದ ಗುಣಿಸಿ. ಕಾಂಕ್ರೀಟು ಸುರಿಯುವ ದಿನ ತೊಲೆಗೆ ಹಸಿ ಭಾರವೆಲ್ಲ ಬೀಳುತ್ತದೆ, ಹಿಡಿತ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಅಡ್ಡಕಟ್ಟುಗಳನ್ನು ಅದಕ್ಕೆ ಮುಂಚೆಯೇ ಹಾಕಿ, ಕಾಂಕ್ರೀಟು ಬಲಿಯುವವರೆಗೆ ಬಿಚ್ಚಬೇಡಿ.