ಕಲ್ಲಿನ ತೊಲೆ, ಅದರೊಳಗಿನ ಪೀಡನ ಮತ್ತು ಲೇಪಾಕ್ಷಿಯ ತೂಗುಗಂಬ

ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋದವರು ಅಲ್ಲಿನ ತೂಗುಗಂಬದ ಬುಡದಲ್ಲಿ ಬಟ್ಟೆ ಹಾಯಿಸದೆ ಹಿಂದಿರುಗುವುದು ಅಪರೂಪ. ಅಚ್ಯುತರಾಯನ ಆಳ್ವಿಕೆಯಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ಈ ಗುಡಿಯ ಭಿತ್ತಿಚಿತ್ರಗಳೂ ಕನ್ನಡ ಶಾಸನಗಳೂ ವಿದ್ವಾಂಸರಿಗೆ ಪರಿಚಿತ. ಜನಸಾಮಾನ್ಯರಿಗೆ ಪರಿಚಿತವಾದದ್ದು ಮಾತ್ರ ನೆಲ ಮುಟ್ಟದ ಆ ಒಂದು ಕಂಬ. ಕಂಬ ಹೇಗೆ ನಿಂತಿದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕಂಬದ ಕೆಲಸವೇ ಹೊರುವುದಾದ್ದರಿಂದ, ಅದು ಹೊರದಿದ್ದರೆ ಮೇಲಿನ ತೊಲೆಯೊಳಗೆ ಏನಾಗುತ್ತಿದೆ ಎಂದು ಕೇಳುವವರು ವಿರಳ. ತೊಲೆಯ ಅಡ್ಡಕೊಯ್ತದಲ್ಲಿನ ಪೀಡನವನ್ನು ಲೆಕ್ಕಹಾಕುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ದೊರೆಯಲಾರದು.

ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಈ ಗಡಿಸೀಮೆ ಕಲ್ಲಿನ ನಾಡು. ಕಲ್ಯಾಣದುರ್ಗದ ಬಳಿಯ ಮುದಿಗಲ್ಲಿನಲ್ಲಿರುವ ಬೃಹತ್ ಶಿಲಾಯುಗದ ಗೋರಿಗಳಲ್ಲಿ, ನಿಲ್ಲಿಸಿದ ಚಪ್ಪಡಿಗಳ ಮೇಲೆ ಮತ್ತೊಂದು ಚಪ್ಪಡಿಯನ್ನು ಅಡ್ಡ ಹಾಸುವುದೇ ಕಟ್ಟಡದ ಸಮಸ್ತ ತತ್ತ್ವ. ಹೆಂಜೇರು ಎಂದು ಶಾಸನಗಳಲ್ಲಿ ಹೆಸರಾದ, ನೊಳಂಬರ ರಾಜಧಾನಿಯಾಗಿದ್ದ ಇಂದಿನ ಹೇಮಾವತಿಯಲ್ಲಿ ಅದೇ ತತ್ತ್ವ ನುಣುಪಾದ ಕಂಬಗಳಾಗಿ ಅರಳಿತು. ಲೇಪಾಕ್ಷಿಯ ಮಂಟಪಗಳಲ್ಲಿ ಅದು ವಿಸ್ತಾರ ಪಡೆಯಿತು. ಶೈಲಿ ಬದಲಾದರೂ ಭಾರ ಇಳಿಯುವ ಬಗೆ ಬದಲಾಗಲಿಲ್ಲ: ಚಪ್ಪಡಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ.

ಇಲ್ಲಿ ಕಲ್ಲಿನ ಒಂದು ದೌರ್ಬಲ್ಯವನ್ನು ಗಮನಿಸಬೇಕು. ಒತ್ತಿದರೆ ಗ್ರಾನೈಟು ಅಪಾರ ಭಾರವನ್ನು ತಾಳುತ್ತದೆ. ಎಳೆದರೆ ಅದರ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ. ತೊಲೆ ಭಾರಕ್ಕೆ ಬಾಗಿದಾಗ ಅದರ ಮೇಲ್ಭಾಗ ಕುಗ್ಗುತ್ತದೆ, ಕೆಳಭಾಗ ಹಿಗ್ಗುತ್ತದೆ, ನಡುವೆ ಕುಗ್ಗದೆ ಹಿಗ್ಗದೆ ಉಳಿಯುವ ಒಂದು ತಟಸ್ಥ ಪದರವಿರುತ್ತದೆ. ಏಕಮಾನ ವಿಸ್ತೀರ್ಣದ ಮೇಲೆ ಹೀಗೆ ಒಳಗಿನಿಂದ ಹುಟ್ಟುವ ಬಲವೇ ಪೀಡನ. ತಟಸ್ಥ ಪದರದಿಂದ ದೂರ ಸರಿದಷ್ಟೂ ಅದು ಹೆಚ್ಚುತ್ತದೆ. ಆದಕಾರಣ ಕಲ್ಲಿನ ತೊಲೆಯ ಬಿರುಕು ಸಾಮಾನ್ಯವಾಗಿ ನಡುವಿನ ತಳದಲ್ಲಿ ಮೊದಲಾಗುತ್ತದೆ. ಗೆಲಿಲಿಯೋ 1638ರಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಾಗ ಮುರಿಯುವ ಮುಖದ ಉದ್ದಗಲಕ್ಕೂ ಎಳೆತವೇ ಇದೆಯೆಂದು ಭಾವಿಸಿದನು. ಆ ಊಹೆ ತಪ್ಪು. ಆದರೂ ತೊಲೆಯ ಶಕ್ತಿ ಅದರ ಆಳದ ವರ್ಗವನ್ನು ಅನುಸರಿಸುತ್ತದೆ ಎಂಬ ಅವನ ನಿರ್ಣಯ ಸರಿಯಾಗಿತ್ತು. ಇಂದು ಪಠ್ಯಗಳಲ್ಲಿರುವ ರೂಪವನ್ನು ಸಿದ್ಧಾಂತಕ್ಕೆ ಕೊಟ್ಟವನು ನೇವಿಯೇ, 1826ರಲ್ಲಿ.

ಒಂದು ಕಲ್ಪಿತ ತೊಲೆಯನ್ನು ತೆಗೆದುಕೊಳ್ಳೋಣ. ಕೆಳಗಿನ ಅಳತೆಗಳು ಲೇಪಾಕ್ಷಿಯವಲ್ಲ, ಲೆಕ್ಕದ ಅನುಕೂಲಕ್ಕಾಗಿ ಆರಿಸಿದವು. ಅಗಲ 40 ಸೆಂಟಿಮೀಟರು, ಆಳ 50 ಸೆಂಟಿಮೀಟರು, ಕಂಬದಿಂದ ಕಂಬಕ್ಕೆ 3 ಮೀಟರು. ತೊಲೆಯ ಸ್ವಂತ ತೂಕ ಮೀಟರಿಗೆ ಸುಮಾರು 5.3 ಕಿಲೋನ್ಯೂಟನ್. ಅದು ಹೊರುವ 3 ಮೀಟರು ಅಗಲದ, 20 ಸೆಂಟಿಮೀಟರು ದಪ್ಪದ ಚಾವಣಿಯ ತೂಕ ಮೀಟರಿಗೆ 15.9. ಒಟ್ಟು 21.2. ಭಾರವನ್ನು ಅಂತರದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದರೆ ನಡುವಿನಲ್ಲಿ ಬಾಗಿಸುವ ಮೊಮೆಂಟು 23.8 ಕಿಲೋನ್ಯೂಟನ್-ಮೀಟರು ಆಗುತ್ತದೆ. ಅದನ್ನು ಅಡ್ಡಕೊಯ್ತದ ಗುಣಾಂಕದಿಂದ, ಅಂದರೆ ಅಗಲವನ್ನು ಆಳದ ವರ್ಗದಿಂದ ಗುಣಿಸಿ 6ರಿಂದ ಭಾಗಿಸಿದ ಮೊತ್ತದಿಂದ, ಭಾಗಿಸಿದರೆ ತಳದ ಎಳೆತ ಸುಮಾರು 1.4 ಮೆಗಾಪ್ಯಾಸ್ಕಲ್. ಗಟ್ಟಿ ಗ್ರಾನೈಟಿಗೆ ಇದು ಲೆಕ್ಕಕ್ಕಿಲ್ಲದ ಮಾತು. ಬೋದಿಗೆಯ ಚಾಚುಗಳು ಅಂತರವನ್ನು 2.2 ಮೀಟರಿಗೆ ಇಳಿಸಿದರಂತೂ ಪೀಡನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೋದಿಗೆಯನ್ನು ಬರಿಯ ಅಲಂಕಾರವೆಂದು ವರ್ಣಿಸುವ ಕಲಾವಿಮರ್ಶೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಈಗ, ಇಂತಹ ಎರಡು ಅಂಕಣಗಳನ್ನು ಒಂದೇ ಕಲ್ಲಿನ 6 ಮೀಟರು ಉದ್ದದ ತೊಲೆ ದಾಟಿದೆಯೆಂದೂ ನಡುವಿನ ಕಂಬ ಭಾರ ಹೊರುತ್ತಿದೆಯೆಂದೂ ಇಟ್ಟುಕೊಳ್ಳೋಣ. ಆಗಲೂ ಗರಿಷ್ಠ ಎಳೆತ 1.4 ಮೆಗಾಪ್ಯಾಸ್ಕಲ್ಲೇ. ಆದರೆ ಅದು ತಳದಲ್ಲಿರದೆ ನಡುಗಂಬದ ನೆತ್ತಿಯ ಮೇಲೆ, ತೊಲೆಯ ಮೇಲ್ಮೈಯಲ್ಲಿರುತ್ತದೆ. ಆ ಕಂಬ ಹೊರುವುದನ್ನು ಬಿಟ್ಟಿತೆನ್ನಿ. ಅಂತರ ಇಮ್ಮಡಿಯಾಯಿತು, ಎಳೆತ 5.7ಕ್ಕೆ ಏರಿ ತಳಕ್ಕೆ ಬಂದಿತು. ಕಂಬ ತೊಲೆಗೆ ಅಂಟಿಕೊಂಡು ನಿಜವಾಗಿಯೂ ತೂಗುತ್ತಿದ್ದರೆ ಅದರ ತೂಕವನ್ನೂ ತೊಲೆಯೇ ಹೊರಬೇಕು. 50 ಸೆಂಟಿಮೀಟರು ಚೌಕದ, ಮೂರೂವರೆ ಮೀಟರು ಎತ್ತರದ ಕಂಬದ ತೂಕ 23 ಕಿಲೋನ್ಯೂಟನ್ನಿಗೂ ಮಿಗಿಲು. ಅದನ್ನು ಸೇರಿಸಿದರೆ ತಳದ ಎಳೆತ 7.8 ಮೆಗಾಪ್ಯಾಸ್ಕಲ್. ಬಿರುಕಿಲ್ಲದ ಗ್ರಾನೈಟು ಇದನ್ನೂ ತಾಳೀತು. ಶತಮಾನಗಳ ಬಿಸಿಲುಮಳೆಗೆ ಸಿಕ್ಕ, ಒಳಗೆ ಸಣ್ಣ ಸೀಳುಗಳಿರುವ ಕಲ್ಲಿನ ವಿಷಯದಲ್ಲಿ ಅಂತಹ ಭರವಸೆ ಸಲ್ಲದು.

ಆದರೆ ಮಂಟಪಗಳಲ್ಲಿ ತೊಲೆಗಳು ಬಹುಮಟ್ಟಿಗೆ ಕಂಬದ ನೆತ್ತಿಯಲ್ಲೇ ಕೊನೆಗೊಂಡು ಒಂದಕ್ಕೊಂದು ತಾಗಿ ಕೂಡುತ್ತವೆ. ಹಾಗಿದ್ದಲ್ಲಿ ನಡುಗಂಬ ಪೂರ್ತಿ ತೂಗಲು ಸಾಧ್ಯವಿಲ್ಲ, ತೊಲೆಗಳೇ ಕೆಳಗಿಳಿದಾವು. ಕಂಬ ತೂಗಬೇಕಾದರೆ ಅದನ್ನು ಮೇಲಿನ ಕಲ್ಲಿಗೆ ಹಿಡಿದಿಡುವ ಗೂಟವೋ ಕಬ್ಬಿಣದ ಕೊಂಡಿಯೋ ಬೇಕು. ಬಟ್ಟೆ ಹಾಯುವುದರಿಂದ ಬುಡವೆಲ್ಲ ನೆಲ ಬಿಟ್ಟಿದೆಯೆಂದು ಸಿದ್ಧವಾಗುವುದಿಲ್ಲ. ಒಂದು ಮೂಲೆಯಷ್ಟೇ ನೆಲವನ್ನು ಮುಟ್ಟಿದ್ದರೂ ಉಳಿದೆಡೆ ಬಟ್ಟೆ ಸಲೀಸಾಗಿ ಜಾರುತ್ತದೆ. ಚೌಕದ ಕಂಬವೊಂದು ಮೂಲೆಯ ಮೇಲೆ ನಿಂತರೆ, ಸರಳ ಸೂತ್ರದ ಪ್ರಕಾರ ಆ ಮೂಲೆಯ ಒತ್ತಡ ಸರಾಸರಿಯ ಏಳು ಪಟ್ಟು. ಎದುರು ಮೂಲೆಯಲ್ಲಿ ಸರಾಸರಿಯ ಐದು ಪಟ್ಟು ಎಳೆತ. ಭಾರ ಅಡ್ಡಕೊಯ್ತದ ನಡುಭಾಗದಿಂದ ಹೊರಬಿದ್ದೊಡನೆ ಒತ್ತಿಸಿಕೊಳ್ಳಬೇಕಾದ ಕಂಬವೂ ಎಳೆತಕ್ಕೆ ಒಳಗಾಗುವುದು ಹೀಗೆ.

ಸರಳ ಸೂತ್ರದ ಪ್ರಾಮಾಣಿಕತೆ ಇಲ್ಲಿಗೆ ಮುಗಿಯುತ್ತದೆ. ನೀಳವಾದ ತೊಲೆಯ ನಡುವಿಗೆ ಅದು ಸಾಕು. ಬೋದಿಗೆಯ ಸಂದು, ಕೆತ್ತಿದ ಒಳಮೂಲೆ, ನೆಲ ಮುಟ್ಟಿದ ಬುಡ ಇವುಗಳ ಸಮೀಪದಲ್ಲಿ ಪೀಡನ ನೇರ ಗೆರೆಯಲ್ಲಿ ಏರಿಳಿಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಪರಿಮಿತ ಘಟಕ ವಿಶ್ಲೇಷಣೆ, ಅಂದರೆ ಫೈನೈಟ್ ಎಲಿಮೆಂಟ್ ಅನಾಲಿಸಿಸ್. ಕಾಯವನ್ನು ಸಣ್ಣ ತ್ರಿಕೋನ, ಚತುಷ್ಕೋನ ಅಥವಾ ಘನಾಕೃತಿಯ ತುಣುಕುಗಳ ಜಾಲರಿಯಾಗಿ ಒಡೆದು, ತುಣುಕುಗಳು ಕೂಡುವ ಗಂಟುಗಳ ಸರಿತವನ್ನು ಸಮೀಕರಣಗಳಿಂದ ಕಂಡುಹಿಡಿದು, ಅದರಿಂದ ಪೀಡನವನ್ನು ಪಡೆಯುವುದು ಇದರ ಕ್ರಮ. 1943ರಲ್ಲಿ ಕೂರಾಂಟ್ ಎಂಬ ಗಣಿತಜ್ಞ ಇದರ ಬೀಜವನ್ನು ಬಿತ್ತಿದನು. 1956ರಲ್ಲಿ ಟರ್ನರ್, ಕ್ಲಫ್ ಮೊದಲಾದವರು ವಿಮಾನರಚನೆಯ ಲೆಕ್ಕಕ್ಕಾಗಿ ಅದನ್ನು ಬೆಳೆಸಿದರು. ಹೆಸರಿಟ್ಟವನು ಕ್ಲಫ್, 1960ರಲ್ಲಿ.

ಗಣಕಯಂತ್ರದ ಬಣ್ಣದ ಚಿತ್ರ ಕಣ್ಣಿಗೆ ಹಬ್ಬ, ಆದರೆ ನಂಬುವ ಮೊದಲು ವಿಚಾರಿಸಬೇಕು. ತೊಲೆಯ ಆಳಕ್ಕೆ ಸರಳ ತ್ರಿಕೋನಗಳ ಒಂದೇ ಪದರವಿಟ್ಟರೆ ತೊಲೆ ಇಲ್ಲದ ಬಿಗುವನ್ನು ತೋರಿಸುತ್ತದೆ, ಪೀಡನ ಕಡಿಮೆಯೆಂದು ಹೇಳುತ್ತದೆ. ಚೂಪಾದ ಒಳಮೂಲೆಯಲ್ಲಿ ಇದಕ್ಕೆ ವಿರುದ್ಧ: ಜಾಲರಿ ಸಣ್ಣದಾದಷ್ಟೂ ಪೀಡನ ಮಿತಿಯಿಲ್ಲದೆ ಏರುತ್ತ ಹೋಗುತ್ತದೆ. ಮೇಲೆ ಕೈಯಿಂದ ಮಾಡಿದ ಲೆಕ್ಕದ ಬೆಲೆ ಇಲ್ಲಿ ತಿಳಿಯುತ್ತದೆ. ನಡುವಿನ ತಳದಲ್ಲಿ ಯಂತ್ರವೂ 1.4ರ ಆಸುಪಾಸಿನ ಅಂಕಿಯನ್ನು ಕೊಡದಿದ್ದರೆ ಜಾಲರಿಯಲ್ಲೋ ಆಧಾರಗಳಲ್ಲೋ ದೋಷವಿದೆ.

ಆಧಾರಗಳ ವಿಷಯವಂತೂ ಎಲ್ಲಕ್ಕಿಂತ ಸೂಕ್ಷ್ಮ. ಗೆಲಿಲಿಯೋ ತನ್ನ ಅದೇ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಎರಡು ಆಧಾರಗಳ ಮೇಲೆ ಅಡ್ಡ ಮಲಗಿಸಿದ್ದ ಅಮೃತಶಿಲೆಯ ದೊಡ್ಡ ಕಂಬ ನಡುವೆ ಮುರಿದೀತೆಂದು ಹೆದರಿ ಮೂರನೆಯ ಆಧಾರವನ್ನು ಕೊಟ್ಟರಂತೆ. ಕೆಲವು ತಿಂಗಳಲ್ಲಿ ಕಂಬ ಸರಿಯಾಗಿ ಆ ಹೊಸ ಆಧಾರದ ಮೇಲೆಯೇ ಮುರಿದಿತ್ತು. ತುದಿಯ ಆಧಾರವೊಂದು ಕೊಳೆತು ತಗ್ಗಿತ್ತು, ನಡುವಿನದು ತಗ್ಗಿರಲಿಲ್ಲ. ಲೇಪಾಕ್ಷಿಯ ಮಂಟಪದ ನಕ್ಷೆ ಬರೆಯುವ ವಿದ್ಯಾರ್ಥಿ ಪ್ರತಿ ಕಂಬದ ಬುಡದಲ್ಲೂ ಯೋಚಿಸದೆ ಸ್ಥಿರ ಆಧಾರದ ಗುರುತು ಹಾಕಿದರೆ, ಜಾಲರಿ ಎಷ್ಟೇ ನಯವಾಗಿದ್ದರೂ ಉತ್ತರ ಸುಳ್ಳಾಗುತ್ತದೆ. ಆಧಾರ ಒತ್ತಿದರೆ ಮಾತ್ರ ತಡೆಯಬೇಕು, ಬಿಟ್ಟರೆ ಬಿಡಬೇಕು. ಇಂತಹ ಸಂಪರ್ಕವನ್ನು ಮಾದರಿಯಲ್ಲಿ ಬೇರೆಯಾಗಿಯೇ ಹೇಳಬೇಕಾಗುತ್ತದೆ.

ಹೀಗಾಗಿ ಕೆಲಸ ಗಣಕಯಂತ್ರದ ಮುಂದೆ ಆರಂಭವಾಗದು. ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು, ಬಟ್ಟೆಯ ಬದಲು ದಪ್ಪ ತಿಳಿದಿರುವ ತೆಳುಪಟ್ಟಿಗಳನ್ನು ನಾಲ್ಕೂ ಬದಿಯಿಂದ ತೂರಿಸಿ, ಎಲ್ಲಿ ಎಷ್ಟು ಆಳಕ್ಕೆ ಹೋಗುತ್ತವೆಂದು ಗುರುತಿಸಿದರೆ ಬುಡದ ಸಂಪರ್ಕದ ನಕ್ಷೆ ಸಿಗುತ್ತದೆ. ಆಮೇಲೆ ತಲೆಯೆತ್ತಿ, ಕಂಬದ ನೆತ್ತಿಯಲ್ಲಿ ತೊಲೆಗಳ ಸಂದು ಇದೆಯೇ, ಸಂದಿಲ್ಲದ ಒಂದೇ ಕಲ್ಲು ಹಾದಿದೆಯೇ, ಅದರ ತಳದಲ್ಲಿ ಕೂದಲೆಳೆಯಷ್ಟಾದರೂ ಬಿರುಕು ಕಾಣುತ್ತದೆಯೇ ಎಂದು ನೋಡಬೇಕು.